ಪಾಳುನೆಲದ ಕತೆಗಾರನಿಗೆ ಗಡ್ಡವಿದ್ದರೆ ಸಾಲದು

ಸಂಪಾದಕರಿಗೆ,

ಜಗತ್ತು ಕುಸಿದುಬಿದ್ದ ಮೇಲಿನ ಬದುಕನ್ನು ಕಲ್ಪಿಸುವ ಕತೆಗಳಲ್ಲಿ ಊರಿಂದೂರಿಗೆ ಅಲೆಯುವ ಕತೆಗಾರನೊಬ್ಬ ಬಂದೇ ಬರುತ್ತಾನೆ. ಉದ್ದ ಗಡ್ಡ, ಹರಕು ಹೊದಿಕೆ, ಅರ್ಧ ಒಗಟು ಅರ್ಧ ಉಪದೇಶದ ಮಾತು. ಆತ ಎಲ್ಲಿ ನೀರು ಕುಡಿದ, ಊರಿನವರು ಅವನನ್ನು ಯಾಕೆ ಒಳಗೆ ಬಿಟ್ಟರು, ಹೇಳಿದ್ದನ್ನು ಯಾಕೆ ನಂಬಿದರು ಎಂಬುದಕ್ಕೆ ಮಾತ್ರ ಉತ್ತರ ಸಿಗುವುದಿಲ್ಲ. ಕತೆ ಕಟ್ಟುವುದನ್ನೂ ಹೇಳುವುದನ್ನೂ ಕಲಿಸುವ ನಮಗೆ ಈ ಪಾತ್ರದ ಮೇಲೆ ಪ್ರೀತಿ ಇದೆ. ಅದಕ್ಕೇ ಈ ಪತ್ರ. ಫೋನು, ರೇಡಿಯೊ, ಅಚ್ಚು ಎಲ್ಲ ಹೋದ ನೆಲದಲ್ಲಿ ಸುದ್ದಿಗೂ ನೆನಪಿಗೂ ಅವನೇ ಆಧಾರ. ಕತೆಯನ್ನು ಎಷ್ಟು ಬೇಕಾದರೂ ಬೆಳೆಸುವ, ಸುದ್ದಿಗೆ ಒಂದಕ್ಷರವನ್ನೂ ಸೇರಿಸದ ಮನಸ್ಸು ಅವನ ಮೂಲಗುಣವಾಗಬೇಕೆಂಬುದು ನಮ್ಮ ವಾದ.

ಮೊದಲು ದಾರಿಯ ಲೆಕ್ಕ. ಬಿಸಿಲಿನಲ್ಲಿ ಹೊರೆ ಹೊತ್ತು ನಡೆಯುವವನಿಗೆ ದಿನಕ್ಕೆ 5 ಲೀಟರ್‌ನಷ್ಟು ನೀರು ಬೇಕಾಗುತ್ತದೆ. ಲೀಟರ್ ನೀರಿಗೆ ಒಂದು ಕಿಲೋ ತೂಕ. ಎರಡು ದಿನದ ನೀರೆಂದರೆ ಹೆಗಲ ಮೇಲೆ 10 ಕಿಲೋ. ಹೊದಿಕೆ, ಪಾತ್ರೆ, ಊಟದ ಸಾಮಾನು ಬೇರೆ. ದಿನಕ್ಕೆ 20 ಕಿಲೋಮೀಟರ್ ನಡೆದರೂ, ಎರಡು ಬಾವಿಗಳ ನಡುವೆ 40 ಕಿಲೋಮೀಟರ್ ದಾಟಿದರೆ ಆ ದಾರಿ ಅವನಿಗೆ ಮುಚ್ಚಿದಂತೆಯೇ. ಹಾಗಾಗಿ ಅಲೆಮಾರಿಯಾದರೂ ಅವನ ಸುತ್ತು, ಋತು, ತಂಗುದಾಣ ಎಲ್ಲ ಗೊತ್ತುಮಾಡಿದ್ದು. ತಿಳಿನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ 6 ಗಂಟೆ ಚುರುಕು ಬಿಸಿಲಿಗೆ, ಮೋಡವಿದ್ದರೆ ಎರಡು ಪೂರ್ತಿ ದಿನ ಇಟ್ಟರೆ ರೋಗಾಣುಗಳು ಸಾಯುತ್ತವೆ. ನೀರು ಕದಡಿದ್ದರೆ ಬಿಸಿಲು ಒಳಗಿಳಿಯುವುದಿಲ್ಲ, ಮೊದಲು ಬಟ್ಟೆಯಲ್ಲಿ ಸೋಸಿ ತಿಳಿಯಾಗಲು ಬಿಡಬೇಕು. ರಾಸಾಯನಿಕ ವಿಷ ಇದರಿಂದ ಹೋಗದು. ಅವನ ತಾಳ್ಮೆಯನ್ನು ತೋರಿಸಲು ಈ ಒಂದು ದೃಶ್ಯ ಸಾಕು. ‘ಅವನು ತಾಳ್ಮೆಯ ಮೂರ್ತಿ’ ಎಂದು ಬರೆಯುವ ಅಗತ್ಯವೇ ಬೀಳದು. ಇನ್ನು ಪೆಟ್ರೋಲ್ ಇಟ್ಟಲ್ಲೇ ಕೆಡುತ್ತದೆ. ಕುಸಿತದ ಇಪ್ಪತ್ತು ವರ್ಷದ ನಂತರ ಹಳೆ ದಾಸ್ತಾನಿನ ಪೆಟ್ರೋಲ್ ತುಂಬಿಸಿಕೊಂಡು ಬೈಕಿನಲ್ಲಿ ಬಂದಿಳಿಯುವ ಕತೆಗಾರನನ್ನು ಓದುಗರು ನಂಬಲಾರರು.

ಅವನ ನೆನಪಿನ ವಿಚಾರದಲ್ಲಿ ಬರಹಗಾರರು ಹೆಚ್ಚು ಎಡವುತ್ತಾರೆ. ಸಾವಿರಾರು ಸಾಲನ್ನು ಅಕ್ಷರಶಃ ಬಾಯಿಪಾಠ ಮಾಡಿದವನಂತೆ ಚಿತ್ರಿಸುತ್ತಾರೆ. ಮೌಖಿಕ ಕಾವ್ಯ ಹಾಗೆ ಹುಟ್ಟುವುದಿಲ್ಲ. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸರಾದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅಂದಿನ ಯುಗೊಸ್ಲಾವಿಯಾದ ಹಾಡುಗಾರರನ್ನು ಕೂರಿಸಿ ಕೇಳಿದರು. ಅವರಲ್ಲೊಬ್ಬ, ಓದುಬರಹ ಬಾರದ ಅವ್ದೊ ಮೆಜೆದೊವಿಚ್, 1935ರಲ್ಲಿ 12,000ಕ್ಕೂ ಹೆಚ್ಚು ಸಾಲುಗಳ ಕಾವ್ಯವೊಂದನ್ನು ಹೇಳಿ ಬರೆಸಿದ. ತನಗೆ ಗೊತ್ತಿಲ್ಲದ ಹಾಡನ್ನು ಇನ್ನೊಬ್ಬನಿಂದ ಒಮ್ಮೆ ಕೇಳಿ, ಮೂಲಕ್ಕಿಂತ ಎರಡು ಪಟ್ಟಿಗೂ ಉದ್ದವಾಗಿ ತಾನೇ ಹಾಡಿದ. ಸಿದ್ಧ ನುಡಿಗಟ್ಟು, ಸಿದ್ಧ ಸನ್ನಿವೇಶಗಳನ್ನು ಹೆಣೆಯುತ್ತ ಕೇಳುಗರ ಮುಖ ನೋಡಿ ಬೆಳೆಸುವುದೇ ಈ ಕಲೆ. ಹಾಗಾಗಿ ನಮ್ಮ ಕತೆಗಾರ ಮಾತುಗಾರನಾಗುವ ಮೊದಲು ಒಳ್ಳೆಯ ಕೇಳುಗನಾಗಿರಬೇಕು.

ಅಪಾಯವೂ ಇಲ್ಲೇ ಇದೆ. ಬೆಳೆಸುವ ಚಾಳಿ ಸುದ್ದಿಗೂ ಅಂಟಿಕೊಂಡರೆ ಜನ ಸಾಯುತ್ತಾರೆ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದಂತೆ, ಕತೆ ಒಬ್ಬರಿಂದೊಬ್ಬರಿಗೆ ದಾಟುವಾಗ ಅಪರಿಚಿತ ವಿವರಗಳು ಉದುರುತ್ತವೆ, ಇಲ್ಲವೇ ಪರಿಚಿತ ರೂಪ ತಾಳುತ್ತವೆ. ‘ಬಿದ್ದ ಸೇತುವೆಯಾಚೆಯ ಮೂರನೇ ಬಾವಿಯಲ್ಲಿ ವಿಷ’ ಎಂಬ ಮಾತು ನಾಲ್ಕು ಬಾಯಿ ದಾಟುವಷ್ಟರಲ್ಲಿ ‘ಅಲ್ಲೆಲ್ಲೋ ನೀರು ಕೆಟ್ಟಿದೆಯಂತೆ’ ಆಗಿಬಿಡುತ್ತದೆ. ಜವಾಬ್ದಾರಿಯುಳ್ಳವನು ಏನು ಮಾಡುತ್ತಾನೆ? ಸುದ್ದಿಯನ್ನು ಕತೆಗೆ ಮೊದಲೇ, ಬೇರೆ ದನಿಯಲ್ಲಿ ಹೇಳುತ್ತಾನೆ. ತಾನು ಕಂಡದ್ದೋ, ಕೇಳಿದ್ದೋ, ಕೇಳಿದ್ದಾದರೆ ಯಾರಿಂದ, ಎಷ್ಟು ದಿನದ ಹಿಂದೆ ಎಂದು ಬಿಡಿಸುತ್ತಾನೆ. ಸಂಖ್ಯೆ, ದಿಕ್ಕುಗಳನ್ನು ಪ್ರಾಸಕ್ಕೆ ಕಟ್ಟಿ ಮಕ್ಕಳಿಂದ ತಿರುಗಿ ಹೇಳಿಸುತ್ತಾನೆ, ತಪ್ಪಿದರೆ ಅಲ್ಲೇ ತಿದ್ದುತ್ತಾನೆ. ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾನೆ, ಕೇಳುಗರ ಮುಖ ಬಾಡಿದರೂ.

ಹೀಗೆ ಕಟ್ಟಿದ ಮಾತಿಗೆ ಎಷ್ಟು ಬಲವಿದೆ ಎಂಬುದಕ್ಕೆ ಇಂಡೊನೇಷ್ಯಾದ ಸಿಮೆಲುವೆ ದ್ವೀಪವೇ ಸಾಕ್ಷಿ. 1907ರ ಸುನಾಮಿಯ ನೆನಪು ಅಲ್ಲಿ ‘ಸ್ಮೊಂಗ್’ ಎಂಬ ಹೆಸರಿನಲ್ಲಿ ಬಾಯಿಂದ ಬಾಯಿಗೆ ಉಳಿದಿತ್ತು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು ಮತ್ತೆ ಸುನಾಮಿ ಬಂದಾಗ ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು 7 ಮಂದಿ. ಗುರುತು, ಕ್ರಮ, ಮಾಡಬೇಕಾದ ಕೆಲಸ ಇವಿಷ್ಟೇ ಆ ಎಚ್ಚರಿಕೆಯಲ್ಲಿದ್ದವು.

ವಿಕಿರಣ ಸೂಸುವ ನೆಲದ ಎಚ್ಚರಿಕೆಗೆ ಇನ್ನೊಂದು ಅಂಗ ಬೇಕು, ಕಾಲ. ಅಣುಸ್ಫೋಟ, ಅಣುಸ್ಥಾವರದ ಅವಘಡಗಳಿಂದ ನೆಲಕ್ಕಿಳಿಯುವ ವಿಕಿರಣ ವಸ್ತು ಸೀಸಿಯಂ-137 ಅರ್ಧಕ್ಕಿಳಿಯಲು ಸುಮಾರು 30 ವರ್ಷ. 90 ವರ್ಷಕ್ಕೆ ಎಂಟನೇ ಒಂದು ಪಾಲು ಉಳಿದಿರುತ್ತದೆ. ‘ಅದು ಶಾಪದ ನೆಲ’ ಎಂದಷ್ಟೇ ಹೇಳುವವನು ಮೊಮ್ಮಕ್ಕಳ ಕಾಲಕ್ಕೆ ಒಂದೋ ಉಳುಮೆಗೆ ಬಂದಿರಬಹುದಾದ ನೆಲವನ್ನು ಮುಚ್ಚಿಡುತ್ತಾನೆ, ಇಲ್ಲವೇ ಎಚ್ಚರಿಕೆಯೇ ನಗೆಪಾಟಲಾಗುವಂತೆ ಮಾಡುತ್ತಾನೆ. ಎಷ್ಟು ಮಳೆಗಾಲ ಕಳೆಯಿತೆಂಬ ಎಣಿಕೆಯನ್ನು ಅವನು ಗಂಟು ಹಾಕಿದ ದಾರದಲ್ಲಿ ಹೊತ್ತು ತಿರುಗಬೇಕು.

ಬಾಯಿಬಿಗಿಯೂ ಅಷ್ಟೇ ಮುಖ್ಯ. ಒಂದೂರಿನ ಕಣಜದಲ್ಲಿ ಎಷ್ಟು ಕಾಳಿದೆ, ಕಾವಲಿಗೆ ಎಷ್ಟು ಜನರಿದ್ದಾರೆ ಎಂಬುದು ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮುಂದಿನ ಊರಿನಲ್ಲಿ ಅದನ್ನು ಆಡಿದವನು ದರೋಡೆಗೆ ದಾರಿ ತೋರಿಸಿದಂತೆ. ಮರುವರ್ಷ ಅವನಿಗೆ ಯಾವ ಬಾಗಿಲೂ ತೆರೆಯದು. ಕಾಲರಾ ಕಂಡ ಊರಿನಿಂದ ಬಂದಿದ್ದರೆ 5 ದಿನವಾದರೂ ಹೊರಗೇ ಉಳಿಯುತ್ತಾನೆ, ಊರಿನ ನೀರು ಮುಟ್ಟುವುದಿಲ್ಲ. ಹೊರಗೆ ಕಾಯುವುದೇ ಅವನ ಮೊದಲ ಪರಿಚಯ. ಧೂಳಿಗೆ ಗಂಟಲು ಕಟ್ಟಿದಾಗ ಪಿಸುಗುಟ್ಟುವುದರಿಂದ ದನಿಗೆ ವಿಶ್ರಾಂತಿ ಸಿಗುವುದಿಲ್ಲ, ಪೂರ್ತಿ ಮೌನವೇ ಬೇಕು. ಮೌನಿ ಕತೆಗಾರ ನಿಮ್ಮ ಕತೆಗೆ ಬೇಕಿದ್ದರೆ ಇಷ್ಟು ಸರಳ ಕಾರಣ ಕೊಡಿ.

ಹಾಗಾದರೆ ದೌರ್ಬಲ್ಯ? ಮೆಚ್ಚುಗೆಯ ಹಸಿವು. ಹಸಿದ ಜನರ ಮುಂದೆ ನಿಂತು ಆಸೆ ಹುಟ್ಟಿಸುವ ಒಂದು ಸುಳ್ಳು ಹೇಳುವ ಸೆಳೆತ ಪ್ರತಿ ಸಂಜೆ ಕಾಡುತ್ತದೆ. ಪೂರ್ವದ ನದಿಯಲ್ಲಿ ನೀರಿದೆಯೆಂದು ಅವನೆಂದರೆ ಹತ್ತು ಮನೆಯವರು ಗಂಟುಮೂಟೆ ಕಟ್ಟುತ್ತಾರೆ. ಪಾತ್ರ ನಿಜವಾಗಿ ಪರೀಕ್ಷೆಗೆ ಬೀಳುವುದು ಅಲ್ಲಿ. ಕಳೆದುಹೋದ ಪ್ರೇಯಸಿ, ಮುಚ್ಚಿಟ್ಟ ಭೂತಕಾಲಗಳಿಗಿಂತ ಇದು ಎಷ್ಟೋ ಗಟ್ಟಿ ವಸ್ತು.

ಇಂಥ ಕತೆ ಬರೆಯಹೊರಟವರು ಪಾತ್ರದ ವೇಷ ಬರೆಯುವ ಮೊದಲು ಒಂದು ಹಾಳೆಯ ಮೇಲೆ ಅವನ ಸುತ್ತನ್ನು ಬರೆದುಕೊಳ್ಳಲಿ: ಯಾವ ಬಾವಿಗೆ ಎಷ್ಟು ದೂರ, ಯಾವ ಊರಿಗೆ ಯಾವ ಸುದ್ದಿ, ಯಾವುದನ್ನು ಎಲ್ಲಿ ಹೇಳಕೂಡದು. ತಮ್ಮ ಪುರವಣಿಗೆ ಕತೆ ಆರಿಸುವವರೂ ಈ ಪ್ರಶ್ನೆಗಳನ್ನು ಕೇಳಲಿ ಎಂದು ಕೋರುತ್ತೇವೆ.

— ಕಥನಕಲೆಯ ಕೆಲವು ಶಿಕ್ಷಕರು