ಅಮೆರಿಕದ ತಪ್ಪುಗಳ ಪಟ್ಟಿಯಲ್ಲಿ 1971 ಏಕಿಲ್ಲ?

ಮಾನ್ಯ ಸಂಪಾದಕರೇ,

ಅಮೆರಿಕದ ವಿದೇಶಾಂಗ ನೀತಿಯ ಅತ್ಯುತ್ತಮ ಹಾಗೂ ಅತಿ ಕೆಟ್ಟ ತೀರ್ಮಾನಗಳ ಚರ್ಚೆ ಬಂದಾಗಲೆಲ್ಲ ವಿಯೆಟ್ನಾಂ ಮತ್ತು ಇರಾಕ್ ಯುದ್ಧಗಳ ಹೆಸರೇ ಮೊದಲು ಕೇಳಿಬರುತ್ತದೆ. ಅದು ನ್ಯಾಯವೇ. ಆದರೆ ವಿಯೆಟ್ನಾಂ ಅಲ್ಲಿನವರ ನೆನಪಿನಲ್ಲಿ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತದ್ದು ದೊಡ್ಡ ಕಾರಣ. ತಮ್ಮವರು ಸಾಯದ ತಪ್ಪುಗಳು ಅವರ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ.

ತೀರ್ಮಾನ ಕೈಗೊಂಡವರಿಗೆ ಅಂದು ಯಾವ ಎಚ್ಚರಿಕೆ ಸಿಕ್ಕಿತ್ತು, ಅದಕ್ಕೆ ಅವರು ಕಿವಿಗೊಟ್ಟರೇ ಎಂಬುದೇ ನನ್ನ ಪ್ರಕಾರ ಸರಿಯಾದ ಮಾನದಂಡ. ಮೊದಲ ಮಹಾಯುದ್ಧದ ನಂತರ ಸೋತ ಜರ್ಮನಿಯ ಮೇಲೆ ಪರಿಹಾರದ ಹೊರೆ ಹೇರಿದ್ದರ ಪರಿಣಾಮವನ್ನು ಮರೆಯದೆ, 1948ರಲ್ಲಿ ಪಶ್ಚಿಮ ಜರ್ಮನಿಯನ್ನೂ ಸೇರಿಸಿಕೊಂಡು ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ನೆರವಿನ ಮಾರ್ಷಲ್ ಯೋಜನೆ ಜಾರಿಗೆ ತಂದದ್ದು ಆ ದೇಶದ ಅತ್ಯುತ್ತಮ ತೀರ್ಮಾನ.

ಅತಿ ಕೆಟ್ಟದ್ದು 1971ರದು. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಅಂದಿನ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶದ) ಢಾಕಾದಲ್ಲಿ ಹತ್ಯಾಕಾಂಡ ಆರಂಭಿಸಿದ ಮೇಲೆ, ಅಲ್ಲಿನ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಅವರು 20 ಮಂದಿ ಸಹಿ ಮಾಡಿದ್ದ ಭಿನ್ನಮತದ ತಂತಿಯನ್ನು ತಮ್ಮ ಬೆಂಬಲದೊಂದಿಗೆ ಏಪ್ರಿಲ್ 6ರಂದು ವಾಷಿಂಗ್ಟನ್‌ಗೆ ಕಳುಹಿಸಿದರು. ಪ್ರಜಾಪ್ರಭುತ್ವದ ದಮನವನ್ನೂ ಅಲ್ಲಿನ ದೌರ್ಜನ್ಯವನ್ನೂ ಖಂಡಿಸಲು ತಮ್ಮ ಸರ್ಕಾರ ವಿಫಲವಾಗಿದೆ ಎಂದು ಅದರಲ್ಲಿ ನೇರವಾಗಿಯೇ ಬರೆದಿತ್ತು. ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಮೂಲಕ ಚೀನಾದ ಸಂಪರ್ಕ ಸಾಧಿಸುತ್ತಿದ್ದ ಅಮೆರಿಕದ ಅಧ್ಯಕ್ಷ ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಆ ಮಾತನ್ನು ತಳ್ಳಿಹಾಕಿದ್ದಲ್ಲದೆ, ಬ್ಲಡ್ ಅವರನ್ನು ಢಾಕಾದಿಂದಲೇ ಎತ್ತಂಗಡಿ ಮಾಡಿಸಿದರು. ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಡಿಸೆಂಬರಿನಲ್ಲಿ ಭಾರತ-ಪಾಕಿಸ್ತಾನ ಯುದ್ಧ ನಡೆದಾಗ ಭಾರತವನ್ನು ಬೆದರಿಸಲು ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಯತ್ತ ಹೊರಟಿತು. ಚೀನಾದೊಂದಿಗಿನ ಸ್ನೇಹವನ್ನು ಮಹತ್ಸಾಧನೆ ಎನ್ನುವವರು ಅದಕ್ಕೆ ಬಂಗಾಳಿಗಳು ತೆತ್ತ ಬೆಲೆಯನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ರುಮೇನಿಯಾದ ಮೂಲಕವೂ ಬೀಜಿಂಗ್‌ಗೆ ಸಂದೇಶ ಹೋಗುತ್ತಿದ್ದಾಗ, ಬೇರೆ ದಾರಿಯೇ ಇರಲಿಲ್ಲ ಎಂಬ ಸಮರ್ಥನೆ ನಿಲ್ಲುವುದಿಲ್ಲ.

ಸಿಂಧನೂರು ತಾಲ್ಲೂಕಿನ ನಮಗೆ ಇದು ದೂರದ ಇತಿಹಾಸವಲ್ಲ. ಇಲ್ಲಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ (ನಿರಾಶ್ರಿತರ ಪುನರ್ವಸತಿ ಶಿಬಿರಗಳಲ್ಲಿ) ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ನೆಲೆಸಿವೆ. ನಮ್ಮೊಡನೆ ಕನ್ನಡದಲ್ಲಿ ಚೌಕಾಸಿ ಮಾಡುವ ಅಜ್ಜಿ ಪಕ್ಕದವರಿಗೆ ಬಂಗಾಳಿಯಲ್ಲಿ ಲೆಕ್ಕ ಹೇಳುತ್ತಾರೆ. ಇವರಲ್ಲಿ ಅನೇಕರು 1971ಕ್ಕೂ ಮೊದಲೇ ಗಡಿ ದಾಟಿದವರು, ಆದರೂ ಆ ವರ್ಷದ ಸುದ್ದಿ ಅವರಿಗೆ ತವರಿನ ಸುದ್ದಿಯೇ ಆಗಿತ್ತು.

ಬ್ಲಡ್ ಅವರ ತಂತಿ ಈಗ ಗೋಪ್ಯ ದಾಖಲೆಯಲ್ಲ. 1971ನ್ನು ಕೇವಲ ಯುದ್ಧದ ಗೆಲುವಾಗಿ ಪಾಠ ಮಾಡುವ ನಮ್ಮ ಜಿಲ್ಲೆಯ ಕಾಲೇಜುಗಳ ಇತಿಹಾಸ ಅಧ್ಯಾಪಕರು ಅದನ್ನು ಕನ್ನಡಕ್ಕೆ ತಂದು ತರಗತಿಯಲ್ಲಿ ಓದಿಸಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಸಿಂಧನೂರು, ರಾಯಚೂರು ಜಿಲ್ಲೆ