ಸಿಮೆಂಟ್ ಶೀಟ್ ಒಡೆಯಬೇಡಿ, ಇಳಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯುವ ಮುಂಚೆ ಊರೂರಲ್ಲಿ ಹಳೆಯ ಸಿಮೆಂಟ್ ಶೀಟ್ ಕಿತ್ತು ಬಣ್ಣದ ತಗಡು ಹೊದಿಸುವ ಕೆಲಸ ನಡೆಯುತ್ತದೆ. ಎಷ್ಟೋ ಕಡೆ ಶೀಟನ್ನು ಸುತ್ತಿಗೆಯಿಂದ ಕುಟ್ಟಿ, ಚೂರು ಮಾಡಿ ಅಂಗಳಕ್ಕೆ ಬೀಳಿಸುತ್ತಾರೆ. ಆ ಬೂದು ದೂಳಲ್ಲೇ ಮಕ್ಕಳು ಆಡುತ್ತಿರುತ್ತವೆ.

ಈ ಶೀಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಶೀಟ್ ಗಟ್ಟಿಯಾಗಿರುವಷ್ಟು ದಿನ ನಾರು ಸಿಮೆಂಟಿನೊಳಗೆ ಕಚ್ಚಿಕೊಂಡಿರುತ್ತದೆ. ಒಡೆದಾಗ, ಕೊರೆದಾಗ, ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ಉಸಿರಿನ ಜೊತೆ ಒಳಹೋದ ಎಳೆ ಶ್ವಾಸಕೋಶದಲ್ಲೇ ಉಳಿಯುತ್ತದೆ. ಕ್ಯಾನ್ಸರ್ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20ರಿಂದ 40 ವರ್ಷ ಕಳೆದ ಮೇಲೆ. 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕು ಎಂದು ಆದೇಶಿಸಿತು. ಮನೆಯ ಛಾವಣಿ ಇಳಿಸುವ ಕೂಲಿಯವನಿಗೆ ಅಂಥ ದಾಖಲೆ ಯಾವುದೂ ಇಲ್ಲ. ಕಲ್ನಾರಿಲ್ಲದ ಶೀಟುಗಳೂ ಬರುತ್ತವೆ ನಿಜ, ಆದರೆ ನೋಡಿ ಗುರುತಿಸಲು ಆಗದು. ಹಳೆಯದೆಲ್ಲ ಕಲ್ನಾರೇ ಎಂದುಕೊಂಡು ಕೆಲಸಕ್ಕೆ ಇಳಿಯಿರಿ.

ಮೊದಲು ಮನೆಯ ಸಾಮಾನು ಹೊರಗಿಟ್ಟು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಮೇನ್ ಸ್ವಿಚ್ ಆರಿಸಿ. ಹತ್ತು ಲೀಟರ್ ನೀರಿಗೆ ನಾಲ್ಕು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ಸಣ್ಣಗೆ ಸಿಂಪಡಿಸಿ. ಸೋಪು ಬೆರೆತ ನೀರು ಜಾರಿಹೋಗದೆ ಒಳಗೆ ಇಳಿಯುತ್ತದೆ. ಜೆಟ್ ಪಂಪು ಬೇಡವೇ ಬೇಡ, ಅದು ಮೇಲ್ಪದರವನ್ನೇ ಕಿತ್ತು ಹಾರಿಸುತ್ತದೆ.

ಯಾರೂ ಶೀಟಿನ ಮೇಲೆ ಕಾಲಿಡಬಾರದು. ಆರು ಮಿಲಿಮೀಟರ್ ದಪ್ಪದ ಹಳೆಯ ಶೀಟ್ ಆಳಿನ ಭಾರ ತಡೆಯದು, ಒದ್ದೆಯಾದರೆ ಜಾರುತ್ತದೆ ಕೂಡ. ಕೆಳಗಿನಿಂದ ಸಾರುವೆ ಕಟ್ಟಿಯೇ ಕೆಲಸ ಮಾಡಿ. ಶೀಟ್ ಬಿರುಕು ಬಿಡುವುದು ಹೆಚ್ಚಾಗಿ ಅದನ್ನು ಪೈಪಿಗೆ ಬಿಗಿಯುವ ಜೆ ಹುಕ್ಕಿನ (ಬಾಗಿದ ಕೊಕ್ಕೆಯ) ತೂತಿನ ಹತ್ತಿರ: ನಟ್ಟು ತುಕ್ಕು ಹಿಡಿದಿರುತ್ತದೆ, ಮೇಲಿಂದ ಬಡಿದರೆ ತೂತಿನ ಸುತ್ತ ಸೀಳು ಓಡುತ್ತದೆ. ಗ್ರೈಂಡರ್ ಹಾಕಿದರೆ ದೂಳು. 24 ಇಂಚಿನ ಬೋಲ್ಟ್ ಕಟರ್ ತಂದು, ಪೈಪನ್ನು ಅಪ್ಪಿಕೊಂಡಿರುವ ಕೊಕ್ಕೆಯನ್ನೇ ಕೆಳಗಿನಿಂದ ಕತ್ತರಿಸಿ. ತುದಿಯ ರಿಡ್ಜ್ (ನೆತ್ತಿಯ ಮುಚ್ಚಿಗೆ) ಮೊದಲು, ಆಮೇಲೆ ಮೇಲಿನ ಸಾಲು, ಕೊನೆಗೆ ಸೂರಿನ ಸಾಲು; ಮೇಲಿನದರ ಅಂಚು ಕೆಳಗಿನದರ ಮೇಲೆ ಕೂತಿರುವುದರಿಂದ ಬೇರೆ ಕ್ರಮದಲ್ಲಿ ಎಳೆದರೆ ಮುರಿಯುತ್ತದೆ. ಹತ್ತಡಿ ಶೀಟ್ 40 ಕೆ.ಜಿ. ಆಸುಪಾಸು ತೂಗುತ್ತದೆ. ಇಬ್ಬರು ಹಿಡಿದು ಕೈಯಿಂದ ಕೈಗೆ ಇಳಿಸಬೇಕು.

ಮೂಗಿಗೆ ಟವೆಲ್ ಕಟ್ಟಿದರೆ, ಸರ್ಜಿಕಲ್ ಮಾಸ್ಕ್ ಹಾಕಿದರೆ ಪ್ರಯೋಜನವಿಲ್ಲ. ಅತಿ ಸಣ್ಣ ದೂಳನ್ನೂ ತಡೆಯುವ ಪಿ-100 ಫಿಲ್ಟರಿನ ರಬ್ಬರ್ ಮಾಸ್ಕ್ ಬೇಕು, ಅದು ಮುಖಕ್ಕೆ ಕಚ್ಚಿ ಕೂರಲು ಗಡ್ಡ ಬೋಳಿಸಿರಬೇಕು. ಕೆಲಸ ಮುಗಿದ ಮೇಲೆ ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ತ್ಯಾಜ್ಯಕ್ಕೇ ಸೇರಿಸಿ. ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿ. ಕಲ್ನಾರು ಕೆಲಸ ಮಾಡುವ ಗಂಡನ ಬಟ್ಟೆ ಕೊಡವಿಯೇ ಎಷ್ಟೋ ಹೆಂಗಸರಿಗೆ ಕಲ್ನಾರಿನ ಕ್ಯಾನ್ಸರ್ ಬಂದಿದೆ.

ಇಳಿಸಿದ ಶೀಟನ್ನು ಒದ್ದೆಯಿರುವಾಗಲೇ ಎರಡು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪ್ ಹಾಕಿ, ಮೇಲೆ 'ಕಲ್ನಾರು' ಎಂದು ಬರೆಯಿರಿ. ಆದರೆ ಸುತ್ತಿಟ್ಟದ್ದನ್ನು ಒಯ್ಯುವುದು ಎಲ್ಲಿಗೆ? ದಾರಿ ಕಾಣದೆ ಜನ ಚೂರುಗಳನ್ನು ರಸ್ತೆ ಗುಂಡಿಗೆ ತುಂಬುತ್ತಾರೆ, ಮೇಲೆ ವಾಹನ ಓಡಾಡಿ ಅದು ಮತ್ತೆ ಪುಡಿಯಾಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ ಪಂಚಾಯಿತಿ, ನಗರಸಭೆಗಳು ಪ್ರತಿ ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ದಿನ ಗೊತ್ತುಮಾಡಿ, ಸುತ್ತಿಟ್ಟ ಶೀಟುಗಳನ್ನು ಮನೆ ಬಾಗಿಲಿಂದಲೇ ಒಯ್ಯುವ ವ್ಯವಸ್ಥೆ ಮಾಡಬೇಕು.

– ಛಾವಣಿ ಕೆಲಸದ ಮೇಸ್ತ್ರಿ, ಹಾಸನ