ಶಟರು ಹಾಕಿ ಎಂಜಿನ್ ಇಡಬೇಡ ಅಳಿಯಾ

ಪೆರ್ಲ
ಜನವರಿ 18

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಸಿಕ್ಕಿತು. ಪಕ್ಕದ ಮನೆಯ ಹುಡುಗ ಫೋನಿನಿಂದ ತೆಗೆದು, ದೊಡ್ಡ ಅಕ್ಷರ ಮಾಡಿ ಪ್ರಿಂಟ್ ಹಾಕಿಸಿ ಕೊಟ್ಟ. ಮಗುವಿಗೆ ಹಲ್ಲು ಬಂದದ್ದು, ಮೊಣಕಾಲಿನವರೆಗೆ ಹಿಮ ಬಿದ್ದದ್ದು, ಎಲ್ಲ ಓದಿದೆ. ಅತ್ತೆಗೂ ಓದಿ ಹೇಳಿದೆ. ಕಾರಿನ ವಿಷಯ ಬಂದಾಗ ಒಂದು ಕಡೆ ನಿಂತುಬಿಟ್ಟೆ. ಅಲ್ಲಿಂದ ಮುಂದೆ ನೀನು ಬರೆದದ್ದು ಇನ್ನೂ ಸರಿಯಾಗಿ ತಲೆಗೆ ಹೋಗಿಲ್ಲ.

"ಬೆಳಿಗ್ಗೆ ಹೊರಗೆ ಮೈನಸ್ 14 ಡಿಗ್ರಿ. ಹಾಗಾಗಿ ಗ್ಯಾರೇಜಿನ ಶಟರು ಹಾಕಿಕೊಂಡೇ 20 ನಿಮಿಷ ಎಂಜಿನ್ ಚಾಲೂ ಇಡುತ್ತೇನೆ, ಬಿಸಿಯಾದ ಮೇಲಾದರೂ ಡ್ಯಾಶ್‌ಬೋರ್ಡಿನ ಆ ಹಳದಿ ಚೆಕ್ ಎಂಜಿನ್ ಲೈಟ್ ಆರುತ್ತದೋ ಅಂತ. ಮೊನ್ನೆ ಸ್ವಲ್ಪ ತಲೆನೋವು ಬಂತು, ಚಳಿಗೆ ಇರಬೇಕು."

ಚಳಿಗೆ ಅಲ್ಲ ಮಾರಾಯ.

ನಿನ್ನೆ ಫೋನಿನಲ್ಲಿ ಹೇಳಿದಾಗ "ಆಯ್ತು ಮಾವ, ಇನ್ನು ಇಡುವುದಿಲ್ಲ" ಅಂದೆ. ಆ ಧಾಟಿ ನನಗೆ ಗೊತ್ತುಂಟು. ಸಣ್ಣವನಿರುವಾಗ ಕೆರೆಗೆ ಇಳಿಯುವುದಿಲ್ಲ ಅಂತ ಹೇಳುತ್ತಿದ್ದದ್ದೂ ಅದೇ ಧಾಟಿಯಲ್ಲಿ. ಹಿಂದಿನಿಂದ ಬಂದು ನೋಡಿದರೆ ಚಡ್ಡಿ ಒದ್ದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದನ್ನೂ ಆ ಹುಡುಗನೇ ಫೋಟೋ ತೆಗೆದು ಕಳಿಸುತ್ತಾನೆ.

ನಿನಗೆ ಬೆಳಿಗ್ಗೆ 7 ಗಂಟೆ ಅಂದರೆ ನಮಗೆ ಸಂಜೆ ಐದೂವರೆ. ಎರಡು ದಿನದಿಂದ ಆ ಹೊತ್ತಿಗೆ ಚಹಾ ಗಂಟಲಲ್ಲಿ ಇಳಿಯುತ್ತಿಲ್ಲ. ಈಗ ಕೀ ತಿರುಗಿಸಿರುತ್ತಾನೆ, ಈಗ ಐದು ನಿಮಿಷ ಆಯಿತು, ಈಗ ಹತ್ತು ಅಂತ ಲೆಕ್ಕ ಹಾಕುತ್ತಾ ಕೂರುತ್ತೇನೆ. ಅತ್ತೆ ಬೈಯುತ್ತಾಳೆ. ಅವಳೇ ಹೇಳಿದ್ದು, ಮಗು ಮಲಗುವ ಕೋಣೆ ಗ್ಯಾರೇಜಿನ ಮೇಲೆಯೇ ಅಂತ. ವಿಡಿಯೋ ಕಾಲಿನಲ್ಲಿ ತೋರಿಸಿದ್ದೆಯಂತೆ. ಅವಳು ಹೇಳಬಾರದಿತ್ತು.

ನಾನು ಓದಿದವನಲ್ಲ, 22 ವರ್ಷ ಜೀಪು ಓಡಿಸಿದವ, ಅಷ್ಟೇ. ಈಗಿನ ಕಾರುಗಳ ಒಳಗಿನ ವಿದ್ಯೆ ಅರ್ಧವೂ ಬರುವುದಿಲ್ಲ. ನಿನ್ನೆ ಬದಿಯಡ್ಕಕ್ಕೆ ಬಸ್ಸಿನಲ್ಲಿ ಹೋಗಿ ವರ್ಕ್‌ಶಾಪಿನ ಹುಡುಗನ ಹತ್ತಿರ ಒಂದು ಗಂಟೆ ಕೂತು ಕೇಳಿಕೊಂಡು ಬಂದೆ. ಅವನು ಹೇಳಿದ್ದು ಕೇಳಿ ಹೆದರಿಕೆ ಜಾಸ್ತಿಯೇ ಆಯಿತು. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅದು ಪೂರ್ತಿ ಉರಿಯುವುದಿಲ್ಲ, ಅರೆಬರೆ ಉರಿದು ಕಾರ್ಬನ್ ಮೋನಾಕ್ಸೈಡ್ ಆಗಿ ಹೊರಗೆ ಬರುತ್ತದೆ. ಅದನ್ನು ಸರಿಮಾಡಲು ಕಾರಿನ ಅಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಉಂಟು. ಆದರೆ ಅದು ಕೆಲಸ ಶುರುಮಾಡುವುದು ತಾನು 250-300 ಡಿಗ್ರಿ ಬಿಸಿಯಾದ ಮೇಲೆ. ಅಂದರೆ ನೀನು ಶಟರು ಹಾಕಿಕೊಂಡು ನಿಂತಿರುವ ಆ ಮೊದಲ ನಿಮಿಷಗಳಲ್ಲೇ ವಿಷ ಅತಿ ಹೆಚ್ಚು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮತ್ತೆ ಆ ಲೈಟ್ ಎಂತಕ್ಕೆ ಹೊತ್ತಿದ್ದು? ಹೊಗೆ ನೋಡಿಕೊಳ್ಳುವ ಕಡೆ ಏನೋ ಸರಿಯಿಲ್ಲ ಅಂತ ಹೇಳಲಿಕ್ಕೆ. ಕಾರು ಹಾಗೆ ಹೇಳುತ್ತಾ ಇರುವಾಗ ನೀನು ಅದರ ಹೊಗೆಯನ್ನು ಮನೆಯ ಕೆಳಗೆ ಕೂಡಿಹಾಕುತ್ತಿದ್ದೀಯಲ್ಲ!

ಸಣ್ಣಮಾವನ ಕಥೆ ನಿನಗೆ ಗೊತ್ತಿದ್ದದ್ದೇ. ಅದನ್ನು ಪುನಃ ಹೇಳುವುದಿಲ್ಲ. ನಿನ್ನ ಅಮ್ಮನಿಗೂ ಗೊತ್ತಿಲ್ಲದ ಒಂದು ಸಂಗತಿ ಉಂಟು, ಅದನ್ನು ಮಾತ್ರ ಬರೆಯುತ್ತೇನೆ.

1983ರ ಬರಗಾಲ. ಮೇ ತಿಂಗಳು. ಬಾವಿಯ ನೀರು ಪಾತಾಳಕ್ಕೆ ಹೋಗಿತ್ತು. ಪಂಪು ಮೇಲಿಟ್ಟರೆ 25 ಅಡಿಗಿಂತ ಕೆಳಗಿನ ನೀರನ್ನು ಎಳೆಯುವುದಿಲ್ಲ. ಅದಕ್ಕೆ ಬಾವಿಯ ನಡುವೆ ಅಡಿಕೆ ಮರದ ಅಟ್ಟ ಕಟ್ಟಿ, ಸೀಮೆಎಣ್ಣೆ ಪಂಪನ್ನೇ ಅದರ ಮೇಲೆ ಇಳಿಸಿದ್ದೆವು. ಸುತ್ತಮುತ್ತ ಹಾಗೆ ಮಾಡಿದವರು ನಾವೊಬ್ಬರೇ ಅಲ್ಲ. ತೋಟ ಒಣಗುವಾಗ ಯಾರಿಗೂ ಬೇರೆ ಬುದ್ಧಿ ಹೊಳೆಯುವುದಿಲ್ಲ. ಪಂಪು ಒಂದು ಗಂಟೆ ಓಡಿ ನಿಂತಿತು. ತಮ್ಮ ಇಳಿಯುತ್ತೇನೆ ಅಂದ.

ಹಾಗೆ ಸುಮ್ನೆ ಇಳಿಸುವಷ್ಟು ದಡ್ಡರೂ ನಾವಲ್ಲ. ನೀರಿಗಾಗಿ ಗುಡ್ಡೆಯ ಸುರಂಗ ತೋಡುವವರನ್ನು ಸಣ್ಣಂದಿನಿಂದ ನೋಡಿದವರು. ಮುರಕಲ್ಲಿನ ಒಳಗೆ ಬಗ್ಗಿಕೊಂಡು ಕೊರೆಯುತ್ತಾ ಹೋಗುವಾಗ ಪಕ್ಕದಲ್ಲಿ ಒಂದು ದೀಪ ಇಟ್ಟುಕೊಳ್ಳುತ್ತಾರೆ. ಕುಡಿ ಸಣ್ಣದಾಯಿತೋ, ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ. ನಾನೂ ಬುಡ್ಡಿ ದೀಪಕ್ಕೆ ಹಗ್ಗ ಕಟ್ಟಿ ಬಾವಿಗೆ ಇಳಿಸಿದೆ. ಅಟ್ಟದವರೆಗೆ ಹೋಯಿತು. ಚೆನ್ನಾಗಿ ಉರಿಯುತ್ತಿತ್ತು. ಕುಡಿ ಅಲುಗಾಡಲೂ ಇಲ್ಲ. "ದೀಪ ಉರಿಯುತ್ತಾ ಉಂಟು, ಇಳಿ" ಅಂದೆ.

ಇದು ಅಮ್ಮನಿಗೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಅವನು ಅಟ್ಟಕ್ಕೆ ಇಳಿದು, ಪಂಪಿನ ಹತ್ತಿರ ಸ್ವಲ್ಪ ಹೊತ್ತು ಏನೋ ಮಾಡಿ, ಮೇಲೆ ನೋಡಿ ಹೇಳಿದ, "ಅಣ್ಣಾ, ತಲೆ ಸ್ವಲ್ಪ ನೋಯುತ್ತಾ ಉಂಟು." ನಾನು ಹೇಳಿದೆ, "ಬಿಸಿಲಿಗೆ ಇರಬೇಕು."

ಅಷ್ಟೇ. ಮತ್ತೆ ಅವನು ಮಾತಾಡಲಿಲ್ಲ. ನಾನು ಇಳಿಯಲು ಹೊರಟಾಗ ಅಪ್ಪ ಸೊಂಟ ಹಿಡಿದುಕೊಂಡು ಬಿಡಲೇ ಇಲ್ಲ. ಮೇಲೆ ತಂದಾಗ ಮುಖ ಕೆಂಪಗಿತ್ತು, ಒಳ್ಳೆ ನಿದ್ದೆಯಲ್ಲಿ ಇರುವವನ ಹಾಗೆ. ಬದುಕಿದ್ದಾನೆ ಅಂತಲೇ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಆ ಕೆಂಪೂ ಈ ಗ್ಯಾಸಿನದ್ದೇ ಅಂತ ಡಾಕ್ಟರು ಹೇಳಿದರು. ಗಾಳಿಯಲ್ಲಿ ಆಮ್ಲಜನಕ ಕಮ್ಮಿಯಾದರೆ ದೀಪ ಆರುತ್ತದೆ. ಎಂಜಿನ್ನಿನ ಈ ಗ್ಯಾಸು ಮನುಷ್ಯನನ್ನು ಕೊಲ್ಲುವಷ್ಟು ಇದ್ದರೂ ದೀಪಕ್ಕೆ ಏನೂ ಆಗುವುದಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಅದಕ್ಕಿಂತ 200 ಪಟ್ಟು ಗಟ್ಟಿಯಾಗಿ. ಡಾಕ್ಟರು ನಿಧಾನಕ್ಕೆ ಹೇಳಿದರು. ನಾನು ತಲೆಯಾಡಿಸಿದೆ. ತಲೆನೋವಿನ ಮಾತನ್ನು ಅವರಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ.

ನಲವತ್ತು ವರ್ಷ ದಾಟಿತು. ನೀನು ಬರೆದ ಆ ನಾಲ್ಕು ಶಬ್ದ ಓದಿದಾಗ ಕಾಗದ ಕೈಯಿಂದ ಜಾರಿತು. ಅಮ್ಮನಿಗೆ ಇದನ್ನು ಓದಿ ಹೇಳಬೇಡ. ಹೇಳುವುದಾದರೆ ನಾನೇ ಹೇಳುತ್ತೇನೆ.

ನೀನು ಕೇಳಿದ್ದು ಲೈಟಿನ ವಿಷಯ ಅಲ್ವಾ. ಬೋಸ್ಟನ್ನಿನಲ್ಲಿ ಅದು ಹೊತ್ತಿದ್ದರೆ ಇನ್‌ಸ್ಪೆಕ್ಷನ್ ಫೇಲ್, ತಿಂಗಳ ಕೊನೆಯೊಳಗೆ ಸ್ಟಿಕ್ಕರ್ ಬೇಕು, ಖರ್ಚು ಎಷ್ಟಾಗುತ್ತದೋ ಅಂತ ನಿನ್ನ ಚಿಂತೆ. ವರ್ಕ್‌ಶಾಪಿನ ಹುಡುಗ ಮೊದಲು ಕೇಳಿದ್ದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸರಿ ತಿರುಗಿಸಿದ್ದಾನಾ ಅಂತ. ನನಗೆ ನಗು ಬಂತು. ಅವನು ನಗಲಿಲ್ಲ. ಟ್ಯಾಂಕಿನ ಪೆಟ್ರೋಲ್ ಆವಿ ಹೊರಗೆ ಹೋಗದ ಹಾಗೆ ಕಾರು ಆಗಾಗ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದಂತೆ. ಚಳಿಗೆ ಮುಚ್ಚಳದ ರಬ್ಬರ್ ರಿಂಗು ಕಲ್ಲಿನ ಹಾಗಾಗಿ, ಒಂದು ಕೂದಲಿನಷ್ಟು ಸೀಳು ಬಿಟ್ಟರೂ ಲೈಟ್ ಹೊತ್ತುತ್ತದೆ. ಚಳಿಯಲ್ಲಿ ಕೈ ಮರಗಟ್ಟಿ ನೀನು ಅರ್ಧ ತಿರುಗಿಸಿ ಬಿಟ್ಟಿರಲೂಬಹುದು. ಟಕಟಕ ಅನ್ನುವವರೆಗೆ ತಿರುಗಿಸು. ರಿಂಗು ಒರಸು, ಸೀಳು ಕಂಡರೆ ಮುಚ್ಚಳವನ್ನೇ ಬದಲಿಸು. ಮತ್ತೆ ಬಂಕಿನಲ್ಲಿ ಪೈಪು ತಾನಾಗಿ ನಿಂತ ಮೇಲೂ ಒತ್ತಿ ತುಂಬಿಸಬೇಡ. ಆವಿ ಹೀರುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ಹೋಗಿ ಅದು ಹಾಳಾಗುತ್ತದೆ.

ಇದೇ ಇರಬೇಕು ಅಂತ ನಾನು ಹೇಳುವುದಿಲ್ಲ. ಇಲ್ಲಿ ಕೂತು ಹೇಳಲಿಕ್ಕೆ ನಾನು ಯಾರು? ಎಂಜಿನ್ ಎಷ್ಟು ಓಡಿದರೂ ಬಿಸಿ ತೋರಿಸುವ ಮುಳ್ಳು ಮೇಲೆ ಏರದೆ, ಹೀಟರಿನಲ್ಲಿ ಬಿಸಿ ಗಾಳಿ ಬಾರದಿದ್ದರೆ ಎಂಜಿನ್ನಿನ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ತೆರೆದೇ ಕೂತಿರಬಹುದು. ಬ್ಯಾಟರಿ ಹಳತಾದರೂ ಚಳಿಯಲ್ಲಿ ಸೆನ್ಸರುಗಳು ಏನೇನೋ ಹೇಳುತ್ತವೆ. ಊಹೆ ಮಾಡುವುದಕ್ಕಿಂತ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿಸು. ಅಲ್ಲಿ ಬಿಡಿಭಾಗದ ಅಂಗಡಿಗಳಲ್ಲಿ ಬಿಟ್ಟಿ ಓದಿ ಕೊಡುತ್ತಾರಂತೆ. ಲೈಟ್ ಸುಮ್ನೆ ಹೊತ್ತಿದ್ದರೆ ನಿಧಾನಕ್ಕೆ ಓಡಿಸಿಕೊಂಡು ಹೋಗಬಹುದು. ಮಿಣಮಿಣ ಅಂತ ಮಿನುಗಿದರೆ ಬದಿಗೆ ನಿಲ್ಲಿಸು, ಉರಿಯದ ಪೆಟ್ರೋಲ್ ಹೋಗಿ ಕನ್ವರ್ಟರನ್ನು ಸುಡುತ್ತದೆ.

ಬ್ಯಾಟರಿಯ ವೈರು ಬಿಚ್ಚಿ ಲೈಟ್ ಆರಿಸುವ ಉಪಾಯ ಬರೆದಿದ್ದೀಯ. ನಾನೂ ಸಾಚಾ ಅಲ್ಲ. ನನ್ನ ಜೀಪಿಗೆ ಲೈಟೂ ಇರಲಿಲ್ಲ, ಎಂತದೂ ಇರಲಿಲ್ಲ. ಹಿಂದೆ ಬರುವ ಬೈಕಿನವ ಬೈದರೆ ಅದೇ ವಾರ್ನಿಂಗ್. ಹೊಗೆ ಟೆಸ್ಟಿನ ದಿನ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಕಮ್ಮಿ ಮಾಡುವುದು, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಗುಡ್ಡೆ ಹತ್ತಬೇಕಲ್ಲ, ಪುನಃ ತಿರುಗಿಸುವುದು. ನಿನ್ನ ಕಾರಿನಲ್ಲಿ ಅದು ನಡೆಯುವುದಿಲ್ಲ. ವೈರು ಬಿಚ್ಚಿದರೆ ಅದು ಮಾಡಿಕೊಂಡ ಪರೀಕ್ಷೆಗಳ ಲೆಕ್ಕವೂ ಅಳಿಸಿಹೋಗುತ್ತದೆ, ಇನ್‌ಸ್ಪೆಕ್ಷನ್ನಿನ ಮೆಷಿನ್‌ಗೆ ಗೊತ್ತಾಗುತ್ತದೆ. ದೋಷ ಸರಿಯಾದ ಮೇಲೂ ಕೆಲವು ದಿನ ಓಡಿಸಿದ ಮೇಲೆಯೇ ಲೈಟ್ ತಾನಾಗಿ ಆರುವುದು. ತೀರಾ ಚಳಿಯಿದ್ದರೆ, ಟ್ಯಾಂಕ್ ಪೂರ್ತಿ ತುಂಬಿದ್ದರೆ ಅಥವಾ ಖಾಲಿಯಿದ್ದರೆ ಆವಿಯ ಪರೀಕ್ಷೆಯೇ ನಡೆಯುವುದಿಲ್ಲ. ಹಾಗಾಗಿ ಟ್ಯಾಂಕ್ ಅರ್ಧ ಇಟ್ಟುಕೊಂಡು ಕಾಯಿ. ಗ್ಯಾರೇಜಿನಲ್ಲಿ ನಿಲ್ಲಿಸಿ 20 ನಿಮಿಷ ಅಲ್ಲ, 2 ಗಂಟೆ ಇಟ್ಟರೂ ಅದು ಆರುವುದಿಲ್ಲ. ಇದನ್ನೊಂದು ಕೇಳಿ ಬಂದದ್ದಕ್ಕೆ ಬಸ್ಸಿನ ದುಡ್ಡು ವಸೂಲಾಯಿತು.

ಈಗಿನ ಎಂಜಿನ್ನಿಗೆ ಅಷ್ಟು ಹೊತ್ತು ಬಿಸಿ ಮಾಡುವುದೂ ಬೇಡ. ಅರ್ಧ ನಿಮಿಷ, ಒಂದು ನಿಮಿಷ, ಮತ್ತೆ ಮೆಲ್ಲಗೆ ಓಡಿಸಿದರೆ ಓಡುತ್ತಾ ಬಿಸಿಯಾಗುತ್ತದೆ. ಅದೂ ಹೊರಗೆ. ಶಟರು ಅರ್ಧ ಎತ್ತಿದರೆ ಸಾಕು ಅಂದುಕೊಳ್ಳಬೇಡ. ಗಾಳಿ ಒಳಮುಖ ಬೀಸಿದರೆ ಎಲ್ಲ ಮನೆಗೇ ಹೋಗುತ್ತದೆ. ಮೊದಲು ಶಟರು ಪೂರ್ತಿ ಎತ್ತು, ಸ್ಟಾರ್ಟ್ ಮಾಡಿದ ಕೂಡಲೇ ಕಾರನ್ನು ಅಂಗಳಕ್ಕೆ ತೆಗೆ. ಹೊರಗೆ ನಿಲ್ಲಿಸಿದ ಕಾರಾದರೆ ಸೈಲೆನ್ಸರಿನ ಬಾಯಿಗೆ ಹಿಮ ಕೂತಿದೆಯಾ ನೋಡು. ಕೂತಿದ್ದರೆ ಹೊಗೆ ಕಾರಿನೊಳಗೇ ಬರುತ್ತದೆ. ಇನ್ನು ಯಾವತ್ತಾದರೂ ತಲೆ ನೋಯಿತೋ, ಹೊಟ್ಟೆ ತೊಳಸಿತೋ, ಕಾರಣ ಹುಡುಕುತ್ತಾ ಕೂರಬೇಡ. ಮಗುವನ್ನು ಎತ್ತಿಕೊಂಡು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಫೋನು. ಚಳಿಯಾದರೆ ಆಗಲಿ.

ಹೇಳಿದ್ದನ್ನೇ ಹೇಳುತ್ತಿದ್ದೇನೆ, ಗೊತ್ತು.

ಇನ್ನೊಂದು. ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತದೆ ಅಂತ ಮಾಡಿನಲ್ಲಿದ್ದ ಅಲಾರಂನ ಬ್ಯಾಟರಿ ತೆಗೆದಿಟ್ಟಿದ್ದೀರಂತೆ. ಇದೂ ಅತ್ತೆಯ ವರದಿ. ಅದು ಹೊಗೆಗೂ ಈ ಗ್ಯಾಸಿಗೂ ಸೇರಿಯೇ ಇಟ್ಟದ್ದಿರಬಹುದು. ನಿಮ್ಮ ರಾಜ್ಯದಲ್ಲಿ 2006ರಿಂದ ಮನೆಗಳಿಗೆ ಗ್ಯಾಸಿನ ಅಲಾರಂ ಕಡ್ಡಾಯ ಅಂತ ಪಕ್ಕದ ಮನೆಯ ಹುಡುಗ ಫೋನಿನಲ್ಲಿ ಹುಡುಕಿ ತೋರಿಸಿದ. ಸೊಸೆಗೆ ಹೇಳು, ಒಗ್ಗರಣೆಗೆ ಕಿಟಕಿ ತೆರೆದರಾಯಿತು. ಇವತ್ತೇ ಬ್ಯಾಟರಿ ಹಾಕು. ಮಗುವಿನ ಕೋಣೆಯ ಹತ್ತಿರ ಇಲ್ಲದಿದ್ದರೆ ಅಲ್ಲಿಗೂ ಒಂದು ತಂದು ಹಾಕು. ದುಡ್ಡು ನಾನು ಕೊಡುತ್ತೇನೆ, ಅಡಿಕೆಗೆ ಈ ಸಲ ರೇಟು ಪರವಾಗಿಲ್ಲ.

ಹಾಕಿದ ಮೇಲೆ ಅದರ ಗುಂಡಿ ಒತ್ತಿ, ಕೂಗುವುದನ್ನು ರೆಕಾರ್ಡ್ ಮಾಡಿ ಕಳಿಸು. ಬಾಯಿಮಾತು ಬೇಡ, ಶಬ್ದ ಬೇಕು. ನಾಳೆ ಐದೂವರೆಗೆ ಫೋನು ಹಿಡಿದುಕೊಂಡು ಜಗಲಿಯಲ್ಲೇ ಕೂತಿರುತ್ತೇನೆ.

ನಿನ್ನ ಮಾವ